ಬಾವುಟಗಳ ಅಧ್ಯಯನಕ್ಕೊಂದು ಊರ ಕೂಟ

ನವೆಂಬರ್ ತಿಂಗಳಲ್ಲಿ ಹುಣಸಮಾರನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆಗೆ ಬಂದರೆ, ಆಟೋ ನಿಲ್ದಾಣಗಳಲ್ಲೂ ವೃತ್ತಗಳಲ್ಲೂ ಹಳದಿ-ಕೆಂಪು ಬಾವುಟ ಕಾಣುತ್ತದೆ. ಇದನ್ನು ರೂಪಿಸಿದವರು ಯಾರು, ಯಾವಾಗ, ಏಕೆ? ಇಂಥ ಪ್ರಶ್ನೆಗಳಿಗೆ ದಾಖಲೆಗಳ ಆಧಾರದಲ್ಲಿ ಉತ್ತರ ಹುಡುಕುವ ವಿದ್ಯೆಯೇ ಧ್ವಜಶಾಸ್ತ್ರ.

ಸಂಘಗಳು ಬೆಳೆದ ಬಗೆ

ಅಮೆರಿಕದ ವಿಟ್ನಿ ಸ್ಮಿತ್ 1950ರ ದಶಕದ ಕೊನೆಯಲ್ಲಿ ಈ ವಿದ್ಯೆಗೆ ಶಾಸ್ತ್ರದ ಶಿಸ್ತು ತಂದರು. ಗಯಾನಾ ದೇಶದ ಧ್ವಜದ ಮೂಲ ವಿನ್ಯಾಸವೂ ಅವರದೇ. 1965ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಧ್ವಜಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 1967ರಲ್ಲಿ ಉತ್ತರ ಅಮೆರಿಕದ ಧ್ವಜಾಸಕ್ತರು ತಮ್ಮದೇ ಸಂಘ ಕಟ್ಟಿಕೊಂಡರು. ಆ ಸಂಘ 2004ರಲ್ಲಿ ನಡೆಸಿದ ನಗರ ಬಾವುಟಗಳ ಸಮೀಕ್ಷೆಯಲ್ಲಿ ಅಮೆರಿಕದ ಪೊಕಟೆಲೊ ನಗರದ ಬಾವುಟಕ್ಕೆ ಕೊನೆಯ ಸ್ಥಾನ ಸಿಕ್ಕಿತು. 2017ರಲ್ಲಿ ಆ ನಗರ ಹೊಸ ಬಾವುಟವನ್ನೇ ಅಳವಡಿಸಿಕೊಂಡಿತು. ಹವ್ಯಾಸಿಗಳ ಅಧ್ಯಯನಕ್ಕೆ ಇಷ್ಟು ಶಕ್ತಿ ಇದೆ.

ನಮ್ಮ ನೆಲದ ಸಾಮಗ್ರಿ

ಬಾವುಟಗಳನ್ನು ಅಧ್ಯಯನ ಮಾಡುವ ಊರ ಕೂಟಕ್ಕೆ ಕರ್ನಾಟಕದಲ್ಲಿ ಓದಲು ಬೇಕಾದಷ್ಟಿದೆ. ಹಳದಿ-ಕೆಂಪು ಬಾವುಟವನ್ನು 1960ರ ದಶಕದಲ್ಲಿ ಕೊಟ್ಟವರು ಕನ್ನಡ ಹೋರಾಟಗಾರ ಮ. ರಾಮಮೂರ್ತಿ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡವಿರುವ ನಾಡಧ್ವಜವನ್ನು ಪ್ರಕಟಿಸಿ ಕೇಂದ್ರದ ಒಪ್ಪಿಗೆ ಕೋರಲು ಮುಂದಾಯಿತು.

ರಾಷ್ಟ್ರಧ್ವಜದ ಕಸುಬು ತಿಳಿಯಬೇಕಾದರೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆಯೊಂದಿಗೆ ಖಾದಿ ಧ್ವಜ ತಯಾರಿಸುತ್ತದೆ. ಉದ್ದ-ಅಗಲ 3:2ರ ಪ್ರಮಾಣದಲ್ಲೇ ಇರಬೇಕು, ಚಕ್ರಕ್ಕೆ 24 ಅರಗಳೇ ಇರಬೇಕು. ಒಂಬತ್ತು ಅಳತೆಗಳಲ್ಲಿ ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ನೂಲಿನ ಬಲ, ಬಣ್ಣದ ಗಟ್ಟಿತನ, ಹೊಲಿಗೆ ಎಲ್ಲಕ್ಕೂ ಪರೀಕ್ಷೆಯುಂಟು.

ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಮಾರ್ಗದಲ್ಲೇ ಧ್ವಜಕ್ಕಾಗಿ ಹೋರಾಟ ನಡೆದ ವಿದುರಾಶ್ವತ್ಥವಿದೆ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಅಡ್ಡಿಯಿದ್ದ ಕಾಲದಲ್ಲಿ, 1938ರ ಏಪ್ರಿಲ್‌ನಲ್ಲಿ, ಮೊದಲು ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು. ಆನಂತರ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಆದ ಒಪ್ಪಂದದಂತೆ ಕಾಂಗ್ರೆಸ್ ಧ್ವಜಕ್ಕೆ ಸಂಸ್ಥಾನದ ಧ್ವಜದ ಜೊತೆ ಹಾರುವ ಹಕ್ಕು ಸಿಕ್ಕಿತು. ಒಂದು ತುಂಡು ಬಟ್ಟೆಗೆ ಜನ ಎದೆಯೊಡ್ಡಿದ್ದು ಏಕೆಂಬುದನ್ನು ತಿಳಿಯದೆ ಬಾವುಟದ ಅಧ್ಯಯನ ಪೂರ್ಣವಾಗದು.

ನೀವೂ ಆರಂಭಿಸಿ

ಇಂಥ ಕೂಟಕ್ಕೆ ಕಟ್ಟಡ ಬೇಡ, ಹಣವೂ ಹೆಚ್ಚು ಬೇಡ. ಹುಣಸಮಾರನಹಳ್ಳಿಯ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಆಸಕ್ತರು ತಿಂಗಳಿಗೊಮ್ಮೆ ಸೇರಿದರೆ ಸಾಕು. ಊರಿನ ಸಂಘ, ದೇವಸ್ಥಾನ, ದರ್ಗಾ, ಚರ್ಚುಗಳ ಬಾವುಟಗಳನ್ನು ಕೇಳಿ ನೋಡಿ. ಬಣ್ಣ, ಅಳತೆ, ಹೊಲಿದವರು, ಹಾರಿಸುವ ದಿನ ಬರೆದಿಡಿ. ಹಿರಿಯರ ನೆನಪುಗಳನ್ನು ಧ್ವನಿಮುದ್ರಿಸಿ. 2002ರ ಭಾರತೀಯ ಧ್ವಜ ಸಂಹಿತೆಯನ್ನು ಮಕ್ಕಳೊಂದಿಗೆ ಓದಿ. ಬಾವುಟಕ್ಕೆ ಕೈಮುಗಿಯುವವರು ಅದರ ಚರಿತ್ರೆಯನ್ನೂ ಅರಿತರೆ ಆ ಗೌರವ ಗಟ್ಟಿಯಾಗುತ್ತದೆ.