ಸೊಂಟ ಹಿಡಿದರೆ ಮಲಗಬೇಕೆ?

ಶೇಂಗಾ ಎನ್ನಿ, ಕಡಲೆಕಾಯಿ ಎನ್ನಿ, ನಮ್ಮ ರಾಯದುರ್ಗ–ಮಡಕಶಿರ ಸೀಮೆಯ ಹೆಚ್ಚಿನ ಮನೆಗಳು ನಂಬಿಕೊಂಡು ಬಂದಿರುವ ಬೆಳೆ ಅದೇ. ಸಾಲುಗಳ ನಡುವೆ ಎಡೆಕುಂಟೆ ಹೊಡೆಯಬಹುದು. ಆದರೆ ಗಿಡದ ಬುಡದಲ್ಲಿನ ಕಳೆಯನ್ನು ಬಗ್ಗಿಯೇ ತೆಗೆಯಬೇಕು. ಕಾಯಿ ಬಲಿತ ಮೇಲೆ ಬಗ್ಗಿಯೇ ಕೀಳಬೇಕು. ರಾಯದುರ್ಗ ಪಟ್ಟಣದಲ್ಲಿ ಜೀನ್ಸ್ ಹೊಲಿಯುವವರು ಬಗ್ಗುವುದಿಲ್ಲ, ದಿನವೆಲ್ಲ ಯಂತ್ರದ ಮುಂದೆ ಕುಳಿತಿರುತ್ತಾರೆ. ಸಂಜೆಯ ವೇಳೆಗೆ ಇಬ್ಬರ ಮಾತೂ ಒಂದೇ: "ನಡ ಹಿಡಿದುಬಿಟ್ಟಿದೆ." ಇದು ನಮ್ಮ ಸೀಮೆಯ ಪಾಡು ಮಾತ್ರವಲ್ಲ. 2020ರಲ್ಲಿ ಲೋಕದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವು ಇತ್ತೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಮನುಷ್ಯರನ್ನು ಕೆಲಸಕ್ಕೆ ಬಾರದಂತೆ ಮಾಡುವುದರಲ್ಲಿ ಇದಕ್ಕೆ ಮೊದಲ ಸ್ಥಾನ.

ಇಷ್ಟು ಸಾಮಾನ್ಯವಾದ ನೋವಿಗೆ ಕಾರಣವೇನು? ಸೊಂಟದ ಭಾಗದಲ್ಲಿ ಐದು ಕಶೇರುಮಣಿಗಳಿವೆ. ಒಂದೊಂದು ಮಣಿಯ ನಡುವೆ ಮೆತ್ತನೆಯ ಬಿಲ್ಲೆ ಇದೆ. ವೈದ್ಯರು ಅದನ್ನು ಡಿಸ್ಕ್ ಎನ್ನುತ್ತಾರೆ. 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು, ಈ ಬಿಲ್ಲೆ ಹೊರಚಾಚಿ ನರವನ್ನು ಒತ್ತುವುದರಿಂದ ಕಾಲಿನವರೆಗೂ ಇಳಿಯುವ ನೋವು ಬರಬಹುದೆಂದು ತೋರಿಸಿದರು. ಅದು ದೊಡ್ಡ ಶೋಧವೇ ಸರಿ. ಆದರೆ ಆ ಬಳಿಕ ಎಲ್ಲ ಸೊಂಟನೋವಿನ ತಪ್ಪನ್ನೂ ಡಿಸ್ಕಿನ ತಲೆಗೆ ಕಟ್ಟುವುದು ರೂಢಿಯಾಯಿತು. 1960ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರು ಬದುಕಿರುವ ಮನುಷ್ಯರ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನೇ ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ ಸುಮಾರು 25, ಮುಂದಕ್ಕೆ ಬಾಗಿದಾಗ ಸುಮಾರು 150. ಮಲಗಿದರೆ ಒತ್ತಡ ಕಡಿಮೆ, ಆದ್ದರಿಂದ ಮಲಗುವುದೇ ಮದ್ದು ಎಂದು ಜನ ತೀರ್ಮಾನಿಸಿದರು. ವಾದವೇನೋ ಸರಳವಾಗಿದೆ. ನಿಜವೇ ಎಂಬುದು ಬೇರೆ ಪ್ರಶ್ನೆ.

ಮೊದಲು ಚಿತ್ರದ ವಿಚಾರ ನೋಡೋಣ. ಎಂ.ಆರ್.ಐ. ಯಂತ್ರ ಬಂದ ಮೇಲೆ ಡಿಸ್ಕುಗಳನ್ನು ಸ್ಪಷ್ಟವಾಗಿ ಕಾಣುವಂತಾಯಿತು. 1994ರಲ್ಲಿ ಅಮೆರಿಕದ ಸಂಶೋಧಕರು ಒಂದು ಜಾಣತನದ ಕೆಲಸ ಮಾಡಿದರು. ಸೊಂಟನೋವೇ ಇಲ್ಲದ 98 ಜನರನ್ನು ಆ ಯಂತ್ರದಲ್ಲಿ ಮಲಗಿಸಿ ಚಿತ್ರ ತೆಗೆದರು. ನೂರಕ್ಕೆ 52 ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ! ಹಾಗಾದರೆ ನೋವಿರುವವನ ಚಿತ್ರದಲ್ಲಿ ಉಬ್ಬಿದ ಡಿಸ್ಕ್ ಕಂಡರೆ ಅದೇ ಕಳ್ಳನೆಂದು ಹೇಗೆ ಹೇಳುವುದು? ವಯಸ್ಸಾದಂತೆ ತಲೆಗೂದಲು ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ, ಅಷ್ಟೆ. ಹಳ್ಳಿಯಿಂದ ಬಳ್ಳಾರಿಗೋ ಬೆಂಗಳೂರಿಗೋ ಹೋಗಿ, ಸಾಲ ಮಾಡಿ ತೆಗೆಸಿಕೊಂಡು ಬರುವ ಆ ದೊಡ್ಡ ಹಾಳೆ ಎಷ್ಟೋ ವೇಳೆ ಹೆದರಿಕೆಯನ್ನಷ್ಟೇ ಹೆಚ್ಚಿಸುತ್ತದೆ.

ಸವೆತಕ್ಕೆ ದುಡಿಮೆಯೇ ಕಾರಣವೆಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಯಿತು. ಫಿನ್‌ಲೆಂಡಿನಲ್ಲಿ 115 ಜೋಡಿ ತದ್ರೂಪಿ ಅವಳಿ ಗಂಡಸರನ್ನು ಆರಿಸಿ, ಒಬ್ಬ ಕಷ್ಟದ ಕೆಲಸ ಮಾಡಿದ್ದರೆ ಇನ್ನೊಬ್ಬ ಹಗುರ ಕೆಲಸ ಮಾಡಿದ್ದಾಗ ಇಬ್ಬರ ಬೆನ್ನುಗಳಲ್ಲಿ ಏನು ವ್ಯತ್ಯಾಸವೆಂದು ನೋಡಿದರು. 1995ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಡಿಸ್ಕಿನ ಸವೆತದಲ್ಲಿ ದುಡಿಮೆಯ ಪಾಲು ಬಹಳ ಸ್ವಲ್ಪ. ಹುಟ್ಟಿನಿಂದ ಬಂದದ್ದರ ಪಾಲೇ ಹೆಚ್ಚು.

ಇನ್ನು ಮದ್ದಿನ ವಿಚಾರ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ನಿಮಗೆಲ್ಲ ಗೊತ್ತಿದೆ. ಒದೆಸಿಕೊಂಡವರು ವಾರದಲ್ಲಿ ಓಡಾಡುವುದನ್ನು ಕಣ್ಣಾರೆ ಕಂಡವರೂ ಉಂಟು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಒದೆಸಿಕೊಳ್ಳದವರು ಎಷ್ಟು ದಿನದಲ್ಲಿ ಓಡಾಡಿದರು? ಹೊಸದಾಗಿ ಬಂದ ಸೊಂಟನೋವು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಯಾವ ಮದ್ದು ಹತ್ತಿರದಲ್ಲಿತ್ತೋ ಅದಕ್ಕೆ ಕೀರ್ತಿ. ಆದ್ದರಿಂದ ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಒಂದು ಚಿಕಿತ್ಸೆ, ಇನ್ನೊಂದಕ್ಕೆ ಬೇರೆಯದು ಕೊಟ್ಟು ಹೋಲಿಸಿ ನೋಡುತ್ತಾರೆ. ಒದೆಯುವವರಿಗೆ ಅನ್ವಯಿಸುವ ಈ ನಿಯಮ ಇಂಗ್ಲಿಷ್ ಔಷಧಿಗೂ ಅಷ್ಟೇ ಅನ್ವಯಿಸುತ್ತದೆ.

ಹೀಗೆಯೇ 1986ರಲ್ಲಿ ಅಮೆರಿಕದ ಡಾ. ಡೇಯೋ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಲು ಹೇಳಿದರು. ಗುಣವಾದದ್ದರಲ್ಲಿ ವ್ಯತ್ಯಾಸವಿಲ್ಲ, ಎರಡೇ ದಿನ ಮಲಗಲು ಹೇಳಿಸಿಕೊಂಡವರು ಕೆಲಸ ತಪ್ಪಿಸಿಕೊಂಡ ದಿನಗಳು ಮಾತ್ರ ನೂರಕ್ಕೆ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದ ಪರೀಕ್ಷೆ ಇನ್ನೂ ಮುಂದೆ ಹೋಯಿತು. ಒಂದು ಗುಂಪು ಎರಡು ದಿನ ಮಲಗಿತು. ಒಂದು ಗುಂಪು ಬೆನ್ನಿನ ವ್ಯಾಯಾಮ ಮಾಡಿತು. ಮೂರನೆಯದು ನೋವು ಬಿಟ್ಟಷ್ಟು ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿತ್ತು. ಬೇಗ ಚೇತರಿಸಿಕೊಂಡವರು ಮೂರನೆಯವರು. ಎಲ್ಲರಿಗಿಂತ ನಿಧಾನ, ಮಲಗಿದವರು. ದಿನಗೂಲಿಯ ಮನೆಗೆ ಈ ಫಲಿತಾಂಶದ ಬೆಲೆ ಏನೆಂದು ನಾನು ಬೇರೆ ಹೇಳಬೇಕಾಗಿಲ್ಲ. 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ರೋಗಿಗಳಲ್ಲಿ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ಪರೀಕ್ಷಿಸಿದರು. ಮಾತ್ರೆ ತಿಂದವರು ಗುಣವಾಗಲು ಹಿಡಿದದ್ದು ಸುಮಾರು 17 ದಿನ. ಮಾತ್ರೆಯಂತೆ ಕಾಣುವ ಔಷಧವಿಲ್ಲದ ಗುಳಿಗೆ ತಿಂದವರಿಗೆ 16 ದಿನ!

ಮೂರು ತಿಂಗಳು ಮೀರಿ ಉಳಿದ ನೋವಿನ ಕಥೆ ಇಷ್ಟು ಸುಲಭವಲ್ಲ. ಸ್ಕಾಟ್‌ಲೆಂಡಿನ ಗಾರ್ಡನ್ ವಾಡೆಲ್ ಎಂಬ ಶಸ್ತ್ರವೈದ್ಯರು 1987ರಲ್ಲಿ ಒಂದು ಮಾತು ಮುಂದಿಟ್ಟರು: ದೇಹದ ಜೊತೆಗೆ ರೋಗಿಯ ಭಯ, ಬೇಸರ, ಮನೆಯ ಹಾಗೂ ಕೆಲಸದ ಪರಿಸ್ಥಿತಿ ಎಲ್ಲವನ್ನೂ ನೋಡಬೇಕು. ನೋವು ಸುಳ್ಳೆಂದು ಇದರ ಅರ್ಥವಲ್ಲ. ಬಗ್ಗಿದರೆ ಬೆನ್ನು ಮುರಿದೀತೆಂದು ಹೆದರಿ ಕೂತವನ ಸ್ನಾಯು ಸೊರಗುತ್ತದೆ; ಸೊರಗಿದ ಸ್ನಾಯು ಬೇಗ ನೋಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಡಿಸೆಂಬರ್ 2023ರಲ್ಲಿ ಕೊಟ್ಟ ಸಲಹೆಯಲ್ಲೂ ವ್ಯಾಯಾಮ ಮತ್ತು ತಿಳಿವಳಿಕೆಗೆ ಮುಖ್ಯ ಸ್ಥಾನವಿದೆ. ಸೊಂಟಕ್ಕೆ ಬಿಗಿಯುವ ಪಟ್ಟಿ, ತೂಕ ಕಟ್ಟಿ ಎಳೆಯುವುದು ಬೇಡವೆಂದಿದೆ.

ಆದರೆ ಎಲ್ಲ ಸೊಂಟನೋವೂ ಒಂದೇ ಅಲ್ಲ, ಇದನ್ನು ಗಮನವಿಟ್ಟು ಓದಿರಿ. ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ತೊಡೆಸಂದು ಜೋಮು ಹಿಡಿಯುವುದು, ಕಾಲಿನ ಬಲ ಕುಂದುವುದು, ಜ್ವರದೊಡನೆ ಮೈ ಇಳಿಯುವುದು, ಮರದಿಂದ ಬಿದ್ದ ಮೇಲೆ ಬಂದ ನೋವು: ಇವುಗಳಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರ ಮತ್ತು ಬೆನ್ನುನೋವು ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಮದರಾಸಿನ ಕ್ಷಯ ಸಂಶೋಧನಾ ಕೇಂದ್ರದವರು ಅಂಥ ರೋಗಿಗಳಲ್ಲಿ ಕೆಲವರಿಗೆ ಔಷಧಿಯ ಜೊತೆ ಶಸ್ತ್ರಕ್ರಿಯೆ ಮಾಡಿಸಿ, ಕೆಲವರಿಗೆ ಓಡಾಡಿಕೊಂಡೇ ಆರು ಅಥವಾ ಒಂಬತ್ತು ತಿಂಗಳು ಔಷಧಿ ಕೊಟ್ಟು, ಹತ್ತು ವರ್ಷ ಕಾದು ನೋಡಿದರು. 1999ರಲ್ಲಿ ಪ್ರಕಟವಾದ ಆ ವರದಿಯಂತೆ, ಔಷಧಿಯನ್ನಷ್ಟೇ ಪಡೆದವರ ಸ್ಥಿತಿ ಶಸ್ತ್ರಕ್ರಿಯೆಯಾದವರಿಗಿಂತ ಕಡಿಮೆಯೇನೂ ಇರಲಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಕಾರಣ ನೀರು. 1937ರಲ್ಲಿ ಷಾರ್ಟ್ ಮೊದಲಾದ ವೈದ್ಯರು ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಕೊರಡಿನಂತೆ ಬಿಗಿದುಕೊಂಡವರನ್ನು ಪರೀಕ್ಷಿಸಿ, ಬಾವಿಯ ನೀರಿನ ಫ್ಲೋರೈಡೇ ಕಾರಣವೆಂದು ತಿಳಿಸಿದರು. ಅನಂತಪುರ ಸೀಮೆಯ ಅಂತರ್ಜಲದಲ್ಲೂ ಅನೇಕ ಕಡೆ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಒಂದೇ ಹಳ್ಳಿಯಲ್ಲಿ ಮಕ್ಕಳ ಹಲ್ಲಿನ ಮೇಲೆ ಹಳದಿ–ಕಂದು ಪಟ್ಟೆ, ದೊಡ್ಡವರಿಗೆ ಬಿಗಿದ ಬೆನ್ನು ಕಂಡರೆ ಮೊದಲು ನೀರನ್ನು ಪರೀಕ್ಷೆಗೆ ಕಳಿಸಬೇಕು. 1995ರಲ್ಲಿ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಅವಿಭಜಿತ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ಕೊಟ್ಟದ್ದರ ಮಹತ್ವ ಇಲ್ಲಿದೆ.

ಉಳಿದದ್ದು ಬಗ್ಗುವ ಕೆಲಸ. ದುಡಿಮೆ ಡಿಸ್ಕನ್ನು ಹೆಚ್ಚು ಸವೆಸದಿದ್ದರೂ ಗಂಟೆಗಟ್ಟಲೆ ಬಗ್ಗಿದ ಬೆನ್ನು ನೋಯುವುದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿಗಳು ಗಿಡ್ಡ ಹಿಡಿಯ ಗುದ್ದಲಿಯಿಂದ ದಿನವಿಡೀ ಬಗ್ಗಿ ಕಳೆ ತೆಗೆಯಬೇಕಾಗಿತ್ತು. ವೈದ್ಯರ ಸಾಕ್ಷ್ಯವನ್ನೂ ಮುಂದಿಟ್ಟುಕೊಂಡು ಅವರು ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ಆ ಗುದ್ದಲಿಯನ್ನೇ ನಿಷೇಧಿಸಲಾಯಿತು. ನಿಂತುಕೊಂಡೇ ತಳ್ಳುವ ಸೈಕಲ್ ಕುಂಟೆ ನಮ್ಮ ಕಡೆಯೂ ಸಿಗುತ್ತದೆ. ಬುಡದ ಕಳೆಗೆ ಅದು ಆಗದು. ಅಷ್ಟನ್ನು ಬಗ್ಗಿ ತೆಗೆಯುವಾಗ ಸಾಲು ಮುಗಿದೊಡನೆ ನೆಟ್ಟಗೆ ನಿಂತು, ಬದುವಿನವರೆಗೆ ನಡೆದು ಬಂದು ಮುಂದಿನ ಸಾಲು ಹಿಡಿಯಬಹುದು.