ಆಲಪ್ಪುಳದ ತೋಡಿನಲ್ಲಿ ಒಂದು ದಿನ

ರಜೆ ಸಿಕ್ಕಿದ್ದು ಒಂದೇ ದಿನ. ಮಂಗಳೂರಲ್ಲಿ ಸಂಜೆಯ ರೈಲು ಹತ್ತಿ, ಬೆಳಗಿನ ಜಾವ ಕೇರಳದ ಆಲಪ್ಪುಳದಲ್ಲಿ ಇಳಿದೆ. ಬೆಳಕು ಹರಿದ ಮೇಲೆ ಜೆಟ್ಟಿಗೆ ಹೋದರೆ ದಲ್ಲಾಳಿಗಳು ಮುತ್ತಿದರು. ಹೌಸ್‌ಬೋಟು, ಎ.ಸಿ. ರೂಮು, ಕರಿಮೀನಿನ ಊಟ! ಬಾಡಿಗೆ ಕೇಳಿದ್ದೇ ತಡ, ಜೇಬಿಗೆ ಹೋಗಿದ್ದ ಕೈ ಹಾಗೇ ಹೊರಬಂತು.

ಪಕ್ಕದಲ್ಲೇ ಸರಕಾರಿ ಬೋಟು ನಿಂತಿತ್ತು. ನೆಡುಮುಡಿಗೆ ಟಿಕೆಟು ಕೊಂಡೆ. ದರ ನಮ್ಮ ಬಸ್ಸಿನ ಹಾಗೆ, ಜನಸಾಮಾನ್ಯರಿಗೆ ಎಟುಕುವಂಥದ್ದು.

ಇದು ಬಸ್ಸೇ ಅನ್ನಿ. ಕೇರಳದ ಜಲಸಾರಿಗೆ ಇಲಾಖೆ 1968ರಿಂದ ಓಡಿಸುತ್ತಿದೆ. ಮುಂದೆ ಚಕ್ರ ಹಿಡಿದವನು ಸ್ರಾಂಕ್. ಎಂಜಿನ್ ನೋಡುವವನೇ ಬೇರೆ. ಸ್ರಾಂಕ್ ಹಗ್ಗ ಎಳೆದು ಬೆಲ್ಲು ಬಾರಿಸಿದರೆ ಆತ ವೇಗ ಬದಲಿಸಬೇಕು. ಬಸ್‌ಸ್ಟಾಪಿನ ಜಾಗದಲ್ಲಿ ಸಣ್ಣ ಸಣ್ಣ ಜೆಟ್ಟಿ. ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಆಸ್ಪತ್ರೆಗೆ ಹೊರಟ ಅಜ್ಜಿ, ಎಲ್ಲರೂ ಇದರಲ್ಲೇ.

ಈ ಪೇಟೆಯ ಕಾಲುವೆಗಳನ್ನು 18ನೇ ಶತಮಾನದ ಕೊನೆಗೆ ಮಾಡಿಸಿದವನು ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ. ಮೋಜಿಗಲ್ಲ ಸ್ವಾಮಿ, ಬಂದರಿಗೆ ಸರಕು ಸಾಗಿಸಲು. ಇವತ್ತಿನ ಹೌಸ್‌ಬೋಟಿನ ಮೂಲವೂ ಸರಕಿನ ದೋಣಿಯೇ. ಹೆಸರು ಕೆಟ್ಟುವಳ್ಳಂ. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು, ಒಂದು ಮೊಳೆಯೂ ಇಲ್ಲ. ಭತ್ತ ಹೊರುತ್ತಿತ್ತು. ಲಾರಿ ಬಂತು, ಅದರ ಕೆಲಸ ಹೋಯಿತು. 1990ರ ದಶಕದಿಂದ ಪ್ರವಾಸಿಗಳನ್ನು ಹೊರುತ್ತಿದೆ.

ಪುನ್ನಮಡ ದಾಟಿದ ಮೇಲೆ ಕುಟ್ಟನಾಡು. ಇಲ್ಲಿ ಗದ್ದೆ ಕೆಳಗೆ, ನೀರು ಮೇಲೆ. ಸಮುದ್ರ ಮಟ್ಟಕ್ಕಿಂತಲೂ ತಗ್ಗಿನ ಗದ್ದೆಗಳಿಗೆ ಒಡ್ಡು ಕಟ್ಟಿ, ಪಂಪು ಇಟ್ಟು ನೀರು ಹೊರಗೆಸೆದು ಭತ್ತ ಬೆಳೆಯುತ್ತಾರೆ. ಒಡ್ಡಿನ ಮೇಲೆಯೇ ಮನೆ.

ನಾನು ಗಡಿಬಿಡಿಯಲ್ಲಿ ಒಂದು ಜೆಟ್ಟಿ ಮೊದಲೇ ಇಳಿದುಬಿಟ್ಟೆ. ಇಳಿದದ್ದು ಒಳ್ಳೆಯದೇ ಆಯಿತು. ಎದುರು ಒಂದು ಕಿರಾಣಿ ಅಂಗಡಿ, ಅದರ ಅಕ್ಕಿ ಮೂಟೆ ದೋಣಿಯಿಂದ ಇಳಿಯುತ್ತಿತ್ತು. ಮೆಟ್ಟಿಲಲ್ಲಿ ಒಬ್ಬಾಕೆ ಪಾತ್ರೆ ತೊಳೆಯುತ್ತಿದ್ದರು. ದೊಡ್ಡ ಹೌಸ್‌ಬೋಟೊಂದು ಹಾಡು ಹಾಕಿಕೊಂಡು ಬಂತು. ಆಕೆ ನೋಡಲೂ ಇಲ್ಲ. ಪಾತ್ರೆ ಎತ್ತಿ ಎರಡು ಮೆಟ್ಟಿಲು ಮೇಲೆ ಹೋದರು. ಅಲೆ ಬಂದು ಹೊಡೆಯಿತು, ಹೋಯಿತು. ಮತ್ತೆ ಇಳಿದು ಕೂತರು. ಬೋಟಿನ ಮೇಲಿದ್ದವರು ನಮ್ಮತ್ತ ಕೈ ಬೀಸಿದರು.

ದಿನಕ್ಕೆ ಎಷ್ಟು ಸಲ ಹೀಗೆ ಎಂದು ಅಂಗಡಿಯವರನ್ನು ಕೇಳಿದೆ. ನಕ್ಕು, ಲೆಕ್ಕ ಇಟ್ಟಿಲ್ಲ ಎಂದರು. ಸುತ್ತ ನೀರೇ ನೀರು, ಕುಡಿಯಲು ಮಾತ್ರ ನಲ್ಲಿ ಕಾಯಬೇಕಂತೆ. ಹೌಸ್‌ಬೋಟಿನ ಕೊಳಚೆ ನೀರಿಗೆ ಬಿಡಬಾರದೆಂದು ನಿಯಮವಿದೆ, ಆದರೂ ದೂರು ನಿಂತಿಲ್ಲ. ಹಾಗಂತ ಅದನ್ನೇ ನಂಬಿ ಬದುಕುವ ಮನೆಗಳೂ ಎಷ್ಟೋ ಇವೆ. ಇವರ ಮಗನೂ ಹೌಸ್‌ಬೋಟಿನಲ್ಲಿ ಅಡುಗೆಯವನೇ!

2018ರ ಆಗಸ್ಟ್ ನೆರೆಯಲ್ಲಿ ಕುಟ್ಟನಾಡು ಮುಳುಗಿದಾಗ ಜನರನ್ನು ಆಲಪ್ಪುಳಕ್ಕೆ ಸಾಗಿಸಲು ಸರಕಾರಿ ಬೋಟು, ಹೌಸ್‌ಬೋಟು ಎರಡೂ ಬೇಕಾದವು.

ವಾಪಸು ಬೋಟು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಕೆಲಸ ಬಿಟ್ಟವರ ಹೊತ್ತು, ಒಳಗೆ ಸೀಟಿಲ್ಲ. ಆಲಪ್ಪುಳದ ತನಕ ನಿಂತುಕೊಂಡೇ ಬಂದೆ.