ಡಾಂಗಲಿಗೆ ತಕ್ಕ ರೌಟರು

2020ನೆಯ ಇಸವಿಯಲ್ಲಿ ಶಾಲೆ ಕಾಲೇಜುಗಳು ಮುಚ್ಚಿದ್ದಾಗ ಮಲೆನಾಡಿನ ಎಷ್ಟೋ ಹಳ್ಳಿಗಳ ವಿದ್ಯಾರ್ಥಿಗಳು ಪಾಠ ಕೇಳುವುದಕ್ಕಾಗಿ ಗುಡ್ಡವನ್ನೇರಿ ಕುಳಿತುಕೊಳ್ಳಬೇಕಾಯಿತು. ಮನೆಯೊಳಗೆ ಮೊಬೈಲ್ ಸಂಕೇತ ಸಿಕ್ಕುತ್ತಿರಲಿಲ್ಲ. ಸಿಕ್ಕಿದರೂ ಯಾವುದೋ ಒಂದು ಕಿಟಕಿಯ ಬಳಿ ಮಾತ್ರ. ತಂತಿಯ ಸಂಪರ್ಕ ತಲುಪದ ಮನೆಗಳಿಗೆ ಈ ತೊಡಕಿನಿಂದ ಪಾರಾಗಲು ಒಂದು ಉಪಾಯವುಂಟು. ಕಿಟಕಿಯ ಬಳಿ ಬರುವ ಸಂಕೇತವನ್ನು ಡಾಂಗಲಿನಿಂದ ಹಿಡಿದು, ರೌಟರಿನ ಮೂಲಕ ಮನೆಗೆಲ್ಲ ಹಂಚುವುದೇ ಆ ಉಪಾಯ. ಆದರೆ ಅಂಗಡಿಯಲ್ಲಿ ಕಂಡ ರೌಟರುಗಳೆಲ್ಲವೂ ಈ ಕೆಲಸಕ್ಕೆ ಒದಗುವುದಿಲ್ಲ. ತಿಳಿಯದೆ ಕೊಂಡರೆ ಹಣವೂ ಹೋಗುವುದು, ಪಾಠವೂ ತಪ್ಪುವುದು. ಆದುದರಿಂದ ಈ ಎರಡು ಯಂತ್ರಗಳು ಒಂದರೊಡನೊಂದು ಹೇಗೆ ವ್ಯವಹರಿಸುತ್ತವೆ ಎಂಬುದನ್ನು ಪರಿಶೀಲಿಸೋಣ.

ಡಾಂಗಲ್ ಎಂಬುದು ಕಿವಿ ಬಾಯಿಗಳಿಲ್ಲದ ಒಂದು ಮೊಬೈಲ್ ಫೋನು. ಗೋಪುರದಿಂದ ಬರುವ ರೇಡಿಯೋ ಅಲೆಗಳನ್ನು ಗ್ರಹಿಸಿ, ಅವುಗಳಲ್ಲಿ ಅಡಗಿರುವ ಮಾಹಿತಿಯನ್ನು ಯು.ಎಸ್.ಬಿ. ಕೊಂಡಿಯ ಮೂಲಕ ಹೊರಗೆ ಕೊಡುವುದು ಅದರ ಕೆಲಸ. ರೌಟರಾದರೋ ಮನೆಯ ಅಂಚೆಯವನು. ಬಂದ ಮಾಹಿತಿಯ ಕಟ್ಟುಗಳಲ್ಲಿ ಯಾವುದು ಅಕ್ಕನ ಫೋನಿಗೆ, ಯಾವುದು ತಮ್ಮನ ಕಂಪ್ಯೂಟರಿಗೆ ಎಂಬುದನ್ನು ನೋಡಿ, ವೈಫೈ ಅಲೆಗಳ ಮೂಲಕ ಅದು ತಲುಪಿಸುತ್ತದೆ.

ಹಾಗಾದರೆ ಯು.ಎಸ್.ಬಿ. ಕಿಂಡಿಯುಳ್ಳ ಯಾವ ರೌಟರಾದರೂ ಸಾಲದೆ? ಸಾಲದು. ಜನರು ಮೋಸಹೋಗುವುದು ಇಲ್ಲಿಯೇ. ಅನೇಕ ರೌಟರುಗಳಲ್ಲಿ ಆ ಕಿಂಡಿ ಇರುವುದು ಪೆನ್ ಡ್ರೈವ್ ಅಥವಾ ಮುದ್ರಣಯಂತ್ರಕ್ಕಾಗಿ ಮಾತ್ರ. ರೌಟರು ಒಂದು ಪುಟ್ಟ ಕಂಪ್ಯೂಟರು. ಹೊರಗಿನ ಸಾಧನದೊಡನೆ ಮಾತನಾಡಲು ಅದಕ್ಕೆ ಡ್ರೈವರ್ ಎಂಬ ದುಭಾಷಿ ಬೇಕು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಈ ದುಭಾಷಿಯನ್ನು ನಾವೇ ಸೇರಿಸಬಹುದು. ರೌಟರಿನಲ್ಲಿ ಸಾಮಾನ್ಯವಾಗಿ ತಯಾರಕನು ತುಂಬಿಟ್ಟಷ್ಟೇ ಉಂಟು.

ಇನ್ನೊಂದು ವಿಚಿತ್ರವನ್ನು ನೋಡಿ. ಅನೇಕ ಡಾಂಗಲುಗಳು ಜೋಡಿಸಿದೊಡನೆ ತಾವು ಮೋಡೆಮ್ ಎಂದು ಹೇಳಿಕೊಳ್ಳುವುದಿಲ್ಲ, ಒಂದು ಸಿ.ಡಿ. ಎಂದು ಪರಿಚಯಿಸಿಕೊಳ್ಳುತ್ತವೆ. ಕಂಪ್ಯೂಟರಿಗೆ ಬೇಕಾದ ಡ್ರೈವರನ್ನು ತಮ್ಮೊಳಗೇ ಹೊತ್ತು ತರುವುದಕ್ಕಾಗಿ ಈ ವೇಷ. ನಿರ್ದಿಷ್ಟ ಆಜ್ಞೆಯೊಂದು ಬಂದ ಮೇಲೆಯೇ ಅವು ವೇಷ ಕಳಚಿ ಮೋಡೆಮ್ ಆಗುವುದು. ಆ ಆಜ್ಞೆಯನ್ನರಿಯದ ರೌಟರಿಗೆ ಡಾಂಗಲ್ ಕೊನೆಯವರೆಗೂ ಸಿ.ಡಿ.ಯಾಗಿಯೇ ಉಳಿಯುವುದು. ಆದಕಾರಣ ರೌಟರಿನ ತಯಾರಕರು ಪ್ರಕಟಿಸುವ ಹೊಂದಾಣಿಕೆಯ ಪಟ್ಟಿಯಲ್ಲಿ ನಮ್ಮ ಡಾಂಗಲಿನ ಮಾದರಿ ಸಂಖ್ಯೆ ಇದೆಯೇ ಎಂದು ನೋಡುವುದು ಮೊದಲನೆಯ ಕರ್ತವ್ಯ. ಹೆಸರು ಒಂದೇ ಆಗಿದ್ದು ಆವೃತ್ತಿ ಬೇರೆಯಾಗಿದ್ದರೂ ಹೊಂದಾಣಿಕೆ ತಪ್ಪಬಹುದು.

ಎರಡನೆಯದು ವಿದ್ಯುತ್ತಿನ ಪ್ರಶ್ನೆ. ಯು.ಎಸ್.ಬಿ. 2.0 ಕಿಂಡಿಯಿಂದ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಎಂದರೆ 2.5 ವಾಟ್ ದೊರೆಯಬೇಕು. ಗೋಪುರ ದೂರವಿದ್ದಷ್ಟೂ ಡಾಂಗಲ್ ತನ್ನ ದನಿಯನ್ನು ಏರಿಸಬೇಕಾಗುವುದು. ಆಗ ಅದು ಎಳೆದುಕೊಳ್ಳುವ ವಿದ್ಯುತ್ತೂ ಏರುವುದು. ಕಿಂಡಿ ಅಷ್ಟನ್ನು ಒದಗಿಸದಿದ್ದರೆ ಸಂಪರ್ಕ ಮತ್ತೆ ಮತ್ತೆ ಕಡಿದುಹೋಗುತ್ತದೆ. ಪೇಟೆಯ ಅಂಗಡಿಯಲ್ಲಿ ಸರಾಗವಾಗಿ ನಡೆದ ಜೋಡಿ ಹಳ್ಳಿಯ ಮನೆಯಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಸ್ವಂತ ವಿದ್ಯುತ್ ಮೂಲವುಳ್ಳ ಯು.ಎಸ್.ಬಿ. ಹಬ್ಬನ್ನು ನಡುವೆ ಇರಿಸುವುದು ಇದಕ್ಕೆ ಪರಿಹಾರ.

ಇನ್ನು ಸ್ಥಳದ ವಿಚಾರ. ಸಂಕೇತದ ಬಲವನ್ನು ಡಿ.ಬಿ.ಎಂ. ಎಂಬ ಮಾನದಲ್ಲಿ ಅಳೆಯುತ್ತಾರೆ. ಅಂಕಿಗಳು ಋಣಾತ್ಮಕ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಇಲ್ಲಿ 10ರ ವ್ಯತ್ಯಾಸವೆಂದರೆ ಹತ್ತು ಮಡಿ, 20ರ ವ್ಯತ್ಯಾಸವೆಂದರೆ ನೂರು ಮಡಿ. ನಡುಮನೆಯಲ್ಲಿ -110 ಇದ್ದು ಕಿಟಕಿಯ ಬಳಿ -90 ಇದ್ದರೆ, ಕಿಟಕಿಗೆ ಬರುವ ಶಕ್ತಿ ನೂರು ಪಟ್ಟು! ಆದುದರಿಂದ ರೌಟರನ್ನು ನಡುಮನೆಯಲ್ಲಿಟ್ಟು, ಡಾಂಗಲನ್ನು ಮಾತ್ರ ತಂತಿಯ ತುದಿಯಲ್ಲಿ ಕಿಟಕಿಗೆ ಒಯ್ಯುವುದು ಜಾಣತನ. ಯು.ಎಸ್.ಬಿ. 2.0 ತಂತಿ 5 ಮೀಟರ್ ಮೀರಬಾರದು.

ಈ ದೂರದಿಂದ ಮತ್ತೊಂದು ಲಾಭವೂ ಉಂಟು. ನಮ್ಮ ದೇಶದ ನಾಲ್ಕನೆಯ ಪೀಳಿಗೆಯ ಸೇವೆಯಲ್ಲಿ ಬಳಸುವ ಪಟ್ಟಿಗಳಲ್ಲೊಂದು 2300 ರಿಂದ 2400 ಮೆಗಾಹರ್ಟ್ಸ್‌ವರೆಗೆ ಇದೆ. ವೈಫೈಯ ಒಂದು ಪಟ್ಟಿ 2400ರಿಂದಲೇ ಮೊದಲಾಗುವುದು. ಒಂದೇ ಗೋಡೆಯ ಇಕ್ಕೆಲಗಳಲ್ಲಿ ಎರಡು ಸಭೆಗಳು ನಡೆದಂತೆ ಒಂದರ ಗದ್ದಲ ಇನ್ನೊಂದಕ್ಕೆ ಅಡ್ಡಿಯಾಗಬಹುದು. ಡಾಂಗಲ್ ರೌಟರಿನಿಂದ ದೂರವಿದ್ದರೆ ಈ ಅಡ್ಡಿ ತಗ್ಗುವುದು.

ವೇಗಕ್ಕಾಗಿ ಹೆಚ್ಚು ಹಣ ತೆರಬೇಕೆ? ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 1200 ಮೆಗಾಬಿಟ್ ಎಂದು ಬರೆದಿರಬಹುದು. ಆದರೆ ಸಾಧಾರಣವಾದ ನಾಲ್ಕನೆಯ ಪೀಳಿಗೆಯ ಡಾಂಗಲಿನ ಪರಮಾವಧಿ ವೇಗ 150 ಮೆಗಾಬಿಟ್. ಬಳಕೆಯಲ್ಲಿ ಸಿಕ್ಕುವುದು ಇನ್ನೂ ಕಡಮೆ. ಕೆರೆಯ ತೂಬು ಕಿರಿದಾಗಿರುವಾಗ ಕಾಲುವೆಯನ್ನು ಎಷ್ಟು ಅಗಲ ಮಾಡಿದರೇನು? ವೈಫೈಯ ಪಟ್ಟಿಗಳಲ್ಲಿಯೂ 2.4 ಗಿಗಾಹರ್ಟ್ಸಿನ ಅಲೆಯುದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸಿನದು ಸುಮಾರು 6. ಮೊದಲನೆಯದು ಗೋಡೆಗಳನ್ನು ದಾಟುವುದರಲ್ಲಿ ಮೇಲು, ಎರಡನೆಯದು ವೇಗದಲ್ಲಿ ಮೇಲು. ದಪ್ಪ ಮಣ್ಣಿನ ಗೋಡೆಯ ಮನೆಗೆ ಯಾವುದು ಒಳ್ಳೆಯದೆಂದು ವಾಚಕರೇ ಊಹಿಸಬಹುದು.

ಮನೆಯಲ್ಲಿ ಹಳೆಯ ಡಾಂಗಲ್ ಇದ್ದರೆ ಅದರ ಪೀಳಿಗೆಯನ್ನೂ ನೋಡಬೇಕು. 2016ರಲ್ಲಿ ಸೇವೆ ತೆರೆದ ಜಿಯೋ ಜಾಲದಲ್ಲಿ ಮೂರನೆಯ ಪೀಳಿಗೆ ಎಂಬುದೇ ಇಲ್ಲ. ಅಲ್ಲಿ ಮೂರನೆಯ ಪೀಳಿಗೆಯ ಡಾಂಗಲ್ ಬರಿಯ ಆಟಿಕೆ. ಒಂದೇ ಸಂಸ್ಥೆಯ ಸಿಮ್ಮಿಗೆ ಬೀಗ ಹಾಕಿದ ಡಾಂಗಲುಗಳೂ ಉಂಟು.

ಹೀಗೆ ಹೊಂದಾಣಿಕೆ, ವಿದ್ಯುತ್ತು, ಸ್ಥಳ ಇವು ಮೂರು ಮೊದಲು, ವೇಗ ಆಮೇಲೆ. ಕೊಳ್ಳುವ ಮುನ್ನ ನಮ್ಮ ಡಾಂಗಲನ್ನೇ ಅಂಗಡಿಗೆ ಒಯ್ದು ಜೋಡಿಸಿ ನೋಡೋಣ. ಮನೆಯಲ್ಲಿ ನಡೆಯದಿದ್ದರೆ ಹಿಂತೆಗೆದುಕೊಳ್ಳುವರೇ ಎಂದೂ ಕೇಳೋಣ. ಬಳಿಕ ಫೋನನ್ನು ಹಿಡಿದು ಮನೆಯನ್ನೆಲ್ಲ ಸುತ್ತಿ, ಸಂಕೇತ ಬಲವಾಗಿರುವ ಕಿಟಕಿಯನ್ನು ಗುರುತಿಸೋಣ. ಇಷ್ಟು ಎಚ್ಚರ ವಹಿಸಿದರೆ, ಮಳೆಗಾಲದಲ್ಲಿ ಕೊಡೆ ಹಿಡಿದು ಗುಡ್ಡವೇರುವ ಕಷ್ಟ ಎಷ್ಟೋ ಮನೆಗಳ ವಿದ್ಯಾರ್ಥಿಗಳಿಗೆ ತಪ್ಪುವುದು.